ಪತ್ತೇದಾರನ ನಿಷ್ಕಳಂಕತೆ: ‘ಮಾರ್ಚ್ ವಯೊಲೆಟ್ಸ್’ ಕಾದಂಬರಿಯೂ ಅದರ ಓದುಗರೂ

ಐತಿಹಾಸಿಕ ಕಾದಂಬರಿಯನ್ನು ಕುರಿತು ಸಾಮಾನ್ಯ ಓದುಗರು ಆಡುವ ಮಾತುಗಳಿಗೆ ವಿದ್ವತ್ಪತ್ರಿಕೆಗಳಲ್ಲಿ ಸ್ಥಾನವು ದೊರೆಯುವುದು ಅಪರೂಪ. ಅದರಲ್ಲಿಯೂ ಆ ಕಾದಂಬರಿಯು ಕೊಲೆ, ಕಳವು, ಪತ್ತೇದಾರಿಕೆಗಳಿಗೆ ಸಂಬಂಧಿಸಿದುದಾದರೆ ಅದನ್ನು ರೈಲು ಪ್ರಯಾಣದ ಓದೆಂದು ಬದಿಗಿರಿಸುವುದೇ ವಾಡಿಕೆ. ಇತಿಹಾಸದ ಅಧ್ಯಾಪಕರಿಗೆ ಈ ಉದಾಸೀನವು ತರವಲ್ಲ. ಒಂದು ಕಾಲವನ್ನು ಕುರಿತು ಜನರ ಮನಸ್ಸಿನಲ್ಲಿ ಉಳಿಯುವ ಚಿತ್ರವು ಪಠ್ಯಪುಸ್ತಕದಿಂದ ಬಂದುದಕ್ಕಿಂತ ಹೆಚ್ಚಾಗಿ ಕಥೆಯಿಂದ ಬಂದುದಾಗಿರುತ್ತದೆ. ಓದುಗರು ಯಾವುದನ್ನು ಮೆಚ್ಚಿದರು, ಯಾವುದನ್ನು ಆಕ್ಷೇಪಿಸಿದರು ಎಂಬುದನ್ನು ವಿಚಾರಿಸಿದರೆ, ಆ ಚಿತ್ರವು ಎಲ್ಲಿ ನಿಜಕ್ಕೆ ಹತ್ತಿರವಾಗಿದೆ, ಎಲ್ಲಿ ದೂರವಾಗಿದೆ ಎಂಬುದು ತಿಳಿಯುತ್ತದೆ. ಈ ದೃಷ್ಟಿಯಿಂದ ಫಿಲಿಪ್ ಕರ್ ಅವರ ‘ಮಾರ್ಚ್ ವಯೊಲೆಟ್ಸ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕರ್ (1956–2018) ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದವರು. ಅವರ ಈ ಮೊದಲ ಕಾದಂಬರಿಯು 1989ರಲ್ಲಿ ಪ್ರಕಟವಾಯಿತು. ಕಥೆಯು 1936ರ ಬೇಸಗೆಯಲ್ಲಿ, ಒಲಿಂಪಿಕ್ ಕ್ರೀಡೆಗಳಿಗೆ ಸಿದ್ಧವಾಗುತ್ತಿರುವ ಬರ್ಲಿನ್ ನಗರದಲ್ಲಿ ನಡೆಯುತ್ತದೆ. ನಾಯಕನಾದ ಬರ್ನಿ ಗುಂಥರ್ ಹಿಂದೆ ‘ಕ್ರಿಪೊ’ ಎಂಬ ಅಪರಾಧ ಪತ್ತೆಯ ಪೊಲೀಸ್ ವಿಭಾಗದಲ್ಲಿದ್ದು, ಈಗ ಖಾಸಗಿ ಪತ್ತೇದಾರನಾಗಿದ್ದಾನೆ. ಕಾಣೆಯಾದವರನ್ನು ಹುಡುಕುವುದು ಅವನ ಮುಖ್ಯ ಕಸುಬು. ಉಕ್ಕಿನ ಉದ್ಯಮಿಯೊಬ್ಬನ ಮಗಳೂ ಅಳಿಯನೂ ಕೊಲೆಯಾಗಿ, ಮನೆಯು ಸುಟ್ಟು, ವಜ್ರದ ಹಾರವೊಂದು ಕಳವಾಗಿದೆ. ಅದನ್ನು ಅರಸುತ್ತ ಹೊರಟ ಗುಂಥರನು ಕ್ರಮೇಣ ಗೋರಿಂಗ್, ಹೈಡ್ರಿಖ್ ಮೊದಲಾದ ಅಧಿಕಾರಸ್ಥರ ಸ್ಪರ್ಧೆಯಲ್ಲಿ ಸಿಲುಕಿ, ಕೊನೆಗೆ ಡಾಖಾವ್ ಬಂದೀಶಿಬಿರವನ್ನೂ ಕಾಣಬೇಕಾಗುತ್ತದೆ.

ಗ್ರಂಥದ ಹೆಸರಿಗೂ ಇತಿಹಾಸದ ಆಧಾರವುಂಟು. 1933ರ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿ ಪಕ್ಷವು ಶೇಕಡ 43.9 ಮತಗಳನ್ನು ಪಡೆಯಿತು. ಆ ವರ್ಷದ ಆರಂಭದಲ್ಲಿ ಸುಮಾರು 8.5 ಲಕ್ಷವಿದ್ದ ಪಕ್ಷದ ಸದಸ್ಯರ ಸಂಖ್ಯೆಯು ಮೇ ತಿಂಗಳಲ್ಲಿ ಸುಮಾರು 25 ಲಕ್ಷಕ್ಕೇರಿತು. ಗಾಳಿ ಬೀಸಿದ ಕಡೆಗೆ ಬಾಗಿದ ಈ ಹೊಸಬರನ್ನು ಹಳೆಯ ಸದಸ್ಯರು ‘ಮಾರ್ಚ್ ತಿಂಗಳಲ್ಲಿ ಅರಳಿದ ಹೂಗಳು’ ಎಂದು ಹಾಸ್ಯ ಮಾಡುತ್ತಿದ್ದರು. ಎಲ್ಲರೂ ಹೀಗೆ ಬಾಗುವಾಗ ಒಬ್ಬನು ಬಾಗದೆ ನಿಲ್ಲಬಹುದೆ ಎಂಬ ಪ್ರಶ್ನೆಯು ಹೆಸರಿನಲ್ಲಿಯೇ ಅಡಗಿದೆ.

ಓದುಗರ ಆಕ್ಷೇಪಣೆಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಶೈಲಿಗೆ ಸಂಬಂಧಿಸಿದುದು. ಅಮೆರಿಕದ ಡ್ಯಾಷಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಮುಂತಾದವರು ರೂಢಿಗೆ ತಂದ ಕರಾಳ ಪತ್ತೇದಾರಿ ಕಥೆಯ, ಅಂದರೆ ‘ನ್ವಾರ್’ ಮಾದರಿಯ, ಮಾತುಗಾರಿಕೆಯನ್ನು ಕರ್ ಅವರು ಹಾಗೆಯೇ ಅನುಸರಿಸಿದ್ದಾರೆ. ಪುಟಪುಟಕ್ಕೂ ಉಪಮೆಗಳು ಕಿಕ್ಕಿರಿದಿವೆ. ಹೆಂಗಸರನ್ನು ವರ್ಣಿಸುವ ರೀತಿಯು ಒರಟಾಗಿದೆ ಎಂಬುದು ಈ ಆಕ್ಷೇಪಣೆ. ಇದು ಬಹುಮಟ್ಟಿಗೆ ಒಪ್ಪತಕ್ಕುದೇ. ಲಾಸ್ ಏಂಜಲೀಸ್ ನಗರದ ಮಾತು ಬರ್ಲಿನ್ನಿನವನ ಬಾಯಿಗೆ ಎಲ್ಲೆಡೆಯೂ ಹೊಂದುವುದಿಲ್ಲ.

ಎರಡನೆಯ ಆಕ್ಷೇಪಣೆಯೆಂದರೆ, ಗೋರಿಂಗನಂಥವನು ಒಬ್ಬ ಸಾಮಾನ್ಯ ಪತ್ತೇದಾರನೊಡನೆ ಸಲಿಗೆಯಿಂದ ಮಾತನಾಡುವುದೂ, ರಹಸ್ಯವೊಂದನ್ನು ತಿಳಿಯಲು ಹೈಡ್ರಿಖನು ಅವನನ್ನು ಡಾಖಾವ್‌ಗೆ ಕಳುಹಿಸುವುದೂ ನಂಬಲರ್ಹವಲ್ಲ ಎಂಬುದು. ಇದೂ ನ್ಯಾಯವೇ. ಆದರೆ ಐತಿಹಾಸಿಕ ಪುರುಷರನ್ನು ಕಲ್ಪಿತ ನಾಯಕನ ಎದುರಿಗೆ ತಂದು ನಿಲ್ಲಿಸುವುದು ವಾಲ್ಟರ್ ಸ್ಕಾಟನ ಕಾಲದಿಂದಲೂ ಐತಿಹಾಸಿಕ ಕಾದಂಬರಿಯ ಸಂಪ್ರದಾಯವಾಗಿದೆ. ಅದನ್ನು ದೊಡ್ಡ ದೋಷವೆಂದು ಎಣಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪಣೆಯು ನಮಗೆ ಹೆಚ್ಚು ಮಹತ್ತ್ವದ್ದು. ಗುಂಥರನ ಸಹಾಯಕಿಯಾದ ಇಂಗೆ ಲೊರೆನ್ಸ್ ಎಂಬಾಕೆ ನಡುವೆ ಕಾಣೆಯಾಗುತ್ತಾಳೆ. ಆಕೆಗೆ ಏನಾಯಿತೆಂಬುದನ್ನು ಕಾದಂಬರಿಯು ಮುಗಿಯುವವರೆಗೂ ತಿಳಿಸುವುದಿಲ್ಲ. ಪತ್ತೇದಾರಿ ಕಥೆಯ ಕೊನೆಯಲ್ಲಿ ಎಲ್ಲ ಗಂಟುಗಳೂ ಬಿಚ್ಚಬೇಕೆಂಬ ನಿಯಮಕ್ಕೆ ಒಗ್ಗಿದ ಓದುಗರು ಇದನ್ನು ರಚನೆಯ ದೋಷವೆನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಗ್ರಂಥವು ಇತಿಹಾಸಕ್ಕೆ ಅತ್ಯಂತ ನಿಷ್ಠವಾಗಿರುವುದು ಇಲ್ಲಿಯೇ. 1933ರ ಫೆಬ್ರವರಿ 28ರ ತುರ್ತು ಆಜ್ಞೆಯು ಜರ್ಮನ್ ಪ್ರಜೆಗಳ ವ್ಯಕ್ತಿಸ್ವಾತಂತ್ರ್ಯವನ್ನು ರದ್ದುಪಡಿಸಿತ್ತು. ‘ರಕ್ಷಣಾ ಬಂಧನ’ ಎಂಬ ಹೆಸರಿನಲ್ಲಿ ಯಾರನ್ನಾದರೂ ವಿಚಾರಣೆಯಿಲ್ಲದೆ ಒಯ್ಯಬಹುದಾಗಿತ್ತು. 1936ರ ಫೆಬ್ರವರಿ 10ರ ಪ್ರಷ್ಯದ ಶಾಸನವು ಗೆಸ್ಟಾಪೊ ಕೈಗೊಂಡ ಕ್ರಮಗಳನ್ನು ಆಡಳಿತ ನ್ಯಾಯಾಲಯಗಳು ಪ್ರಶ್ನಿಸದಂತೆ ಮಾಡಿತು. ಇಂಥ ರಾಜ್ಯದಲ್ಲಿ ಕಾಣೆಯಾದವಳನ್ನು ಯಾವ ಪತ್ತೇದಾರನು ತಾನೆ ಹುಡುಕಿಯಾನು? ಗಂಟು ಬಿಚ್ಚದಿರುವುದೇ ಆ ಕಾಲದ ಸತ್ಯ.

ಇನ್ನು ಮೆಚ್ಚುಗೆಯ ವಿಷಯ. ಓದುಗರು ಬಹುತೇಕ ಒಮ್ಮತದಿಂದ ಹೊಗಳುವುದು ಗುಂಥರನ ಪಾತ್ರವನ್ನು. ಕೆಟ್ಟ ಕಾಲದಲ್ಲಿ ಕೆಡದೆ ಉಳಿದವನು, ಕಟುಹಾಸ್ಯವನ್ನೇ ಆಯುಧವಾಗಿ ಮಾಡಿಕೊಂಡು ಅಧಿಕಾರಕ್ಕೆ ತಲೆಬಾಗದವನು ಎಂದು ಅವನನ್ನು ಕೊಂಡಾಡುತ್ತಾರೆ. ಆಕ್ಷೇಪಣೆಯು ಗ್ರಂಥದ ಬಲವನ್ನು ದೋಷವೆಂದು ಎಣಿಸಿದಂತೆ, ಈ ಹೊಗಳಿಕೆಯು ಗ್ರಂಥದ ದೌರ್ಬಲ್ಯವನ್ನು ಗುಣವೆಂದು ಎಣಿಸಿದೆಯೆಂದು ನಮಗೆ ತೋರುತ್ತದೆ.

ಅಮೆರಿಕದ ಕರಾಳ ಕಥೆಯಲ್ಲಿ ಪೊಲೀಸರು ಲಂಚಕೋರರಾಗಿರಬಹುದು. ನಗರಾಧ್ಯಕ್ಷನು ಕಳ್ಳರ ಸ್ನೇಹಿತನಾಗಿರಬಹುದು. ಆದರೆ ನ್ಯಾಯಾಸ್ಥಾನವೆಂಬುದು ಇದೆ, ಪತ್ರಿಕೆಯಿದೆ, ಶಾಸನವಿದೆ. ಒಂಟಿ ಪತ್ತೇದಾರನ ಪ್ರಾಮಾಣಿಕತೆಗೆ ಬೆಲೆ ಬರುವುದು ಈ ಹಿನ್ನೆಲೆಯಿಂದ. ಬರ್ಲಿನ್ನಿನಲ್ಲಿ ಈ ಹಿನ್ನೆಲೆಯೇ ಕುಸಿದಿತ್ತು. ಕಾದಂಬರಿಯು ಆರಿಸಿಕೊಂಡಿರುವ ಅದೇ ಬೇಸಗೆಯಲ್ಲಿ, 1936ರ ಜೂನ್ 17ರಂದು, ಹಿಮ್ಲರನು ಸಮಸ್ತ ಜರ್ಮನ್ ಪೊಲೀಸಿನ ಮುಖ್ಯಸ್ಥನಾದನು. ಅದೇ ತಿಂಗಳಲ್ಲಿ ಕ್ರಿಪೊ ಮತ್ತು ಗೆಸ್ಟಾಪೊಗಳೆರಡನ್ನೂ ಒಂದುಗೂಡಿಸಿ ಹೈಡ್ರಿಖನ ಕೈಗೆ ಒಪ್ಪಿಸಲಾಯಿತು. ಜುಲೈ ತಿಂಗಳಲ್ಲಿ, ಕ್ರೀಡೆಗಳಿಗೆ ಮೊದಲೇ, ನಗರದ ರೋಮಾ ಜನರನ್ನು ಹಿಡಿದು ಮಾರ್ಸಾನ್ ಎಂಬಲ್ಲಿ ಕೂಡಿಹಾಕಲಾಯಿತು. ಬರ್ಲಿನ್ನಿನ ಉತ್ತರಕ್ಕೆ ಸಾಕ್ಸೆನ್‌ಹೌಸೆನ್ ಶಿಬಿರದ ನಿರ್ಮಾಣವು ಆರಂಭವಾಯಿತು. 1937ರ ಮಾರ್ಚ್ ತಿಂಗಳಲ್ಲಿ ‘ರೂಢಿಗತ ಅಪರಾಧಿ’ಗಳೆಂದು ಸುಮಾರು 2,000 ಜನರನ್ನು ಹಿಡಿದು ವಿಚಾರಣೆಯಿಲ್ಲದೆ ಶಿಬಿರಗಳಿಗೆ ಕಳುಹಿಸಿದುದು ಗೆಸ್ಟಾಪೊ ಅಲ್ಲ, ಕ್ರಿಪೊ. ಕಳ್ಳನನ್ನು ಹಿಡಿಯುವ ಪೊಲೀಸು ಬೇರೆ, ಪಕ್ಷದ ಪೊಲೀಸು ಬೇರೆ ಎಂಬ ಭಾವನೆಗೆ ಆ ಬಳಿಕ ಆಧಾರವು ಉಳಿಯಲಿಲ್ಲ. ಗುಂಥರನ ಹೆಮ್ಮೆಯಾದರೋ ಈ ಭೇದವನ್ನೇ ನೆಚ್ಚಿಕೊಂಡಿದೆ.

ಕಾದಂಬರಿಕಾರರಿಗೂ ಈ ತೊಡಕು ಅರಿವಾಗಿದ್ದಿರಬೇಕು. 1990ರಲ್ಲಿ ಬಂದ ‘ದಿ ಪೇಲ್ ಕ್ರಿಮಿನಲ್’ ಕಾದಂಬರಿಯಲ್ಲಿ ಹೈಡ್ರಿಖನ ಒತ್ತಾಯಕ್ಕೆ ಮಣಿದು ಗುಂಥರನು ಪುನಃ ಕ್ರಿಪೊ ಸೇರುತ್ತಾನೆ. 1991ರ ‘ಎ ಜರ್ಮನ್ ರೆಕ್ವಿಯಮ್’ ಕಾದಂಬರಿಯಿಂದ, ಅವನು ಯುದ್ಧಕಾಲದಲ್ಲಿ ಎಸ್.ಎಸ್. ಸಮವಸ್ತ್ರ ಧರಿಸಿ ಮಿನ್ಸ್ಕ್‌ಗೆ ಹೋಗಿದ್ದನೆಂದೂ, ಅಲ್ಲಿಯ ಹತ್ಯೆಗಳನ್ನು ಕಂಡು ಆರ್ಥರ್ ನೇಬೆಯಿಂದ ವರ್ಗಾವಣೆಯನ್ನು ಕೇಳಿ ಪಡೆದನೆಂದೂ ತಿಳಿದುಬರುತ್ತದೆ. ನೇಬೆಯು ಕಲ್ಪಿತ ವ್ಯಕ್ತಿಯಲ್ಲ. ಕ್ರಿಪೊ ಮುಖ್ಯಸ್ಥನಾಗಿದ್ದ ಆತನು 1941ರಲ್ಲಿ ನಡೆಸಿದ ಹತ್ಯಾಪಡೆಯು ಆ ವರ್ಷದ ನವೆಂಬರ್ ನಡುವಿನ ವೇಳೆಗೆ 45,000ಕ್ಕೂ ಹೆಚ್ಚು ಜನರನ್ನು ಕೊಂದುದಾಗಿ ವರದಿಯಾಗಿತ್ತು. ಪ್ರಾಮಾಣಿಕ ಪೊಲೀಸನ ದಾರಿಯೂ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಹೀಗೆ ಕರ್ ಅವರೇ ತೋರಿಸಿದ್ದಾರೆ. 2010ರ ‘ಫೀಲ್ಡ್ ಗ್ರೇ’ಯಲ್ಲಿ ಆ ವರ್ಷಗಳ ಲೆಕ್ಕವನ್ನು ಇನ್ನೂ ವಿವರವಾಗಿ ಕೇಳಲಾಗಿದೆ.

ಹಾಗೆ ವರ್ಗಾವಣೆ ಕೇಳಿದವರು ನಿಜವಾಗಿ ಇದ್ದರೆ? ಇದ್ದರು; ಆದರೆ ಕೆಲವರು ಮಾತ್ರ. ಹ್ಯಾಂಬರ್ಗ್‌ನ 101ನೆಯ ಮೀಸಲು ಪೊಲೀಸ್ ಪಡೆಯನ್ನು ಕುರಿತು ಕ್ರಿಸ್ಟಫರ್ ಬ್ರೌನಿಂಗ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ನೆನೆಯತಕ್ಕುದು. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫೂಫ್ ಎಂಬ ಊರಿನಲ್ಲಿ, ಯೆಹೂದ್ಯರನ್ನು ಗುಂಡಿಕ್ಕಿ ಕೊಲ್ಲುವ ಕೆಲಸಕ್ಕೆ ಮೊದಲು, ಮನಸ್ಸಿಲ್ಲದವರು ಹಿಂದೆ ಸರಿಯಬಹುದೆಂದು ಅಧಿಕಾರಿಯೇ ಹೇಳಿದನು. ಸುಮಾರು 500 ಜನರ ಪಡೆಯಲ್ಲಿ ಆ ಕ್ಷಣಕ್ಕೆ ಮುಂದೆ ಬಂದವರು ಹನ್ನೆರಡು ಮಂದಿಯಷ್ಟು. ಉಳಿದವರಲ್ಲಿ ಬಹುಮಂದಿ ಕ್ರೂರಿಗಳೆಂದು ಹೆಸರಾದವರಲ್ಲ. ಸಂಸಾರವಂತರಾದ ನಡುವಯಸ್ಸಿನ ಸಾಮಾನ್ಯರು. ಅಂದು ಸುಮಾರು 1,500 ಜನರು ಹತರಾದರು.

ಕಾದಂಬರಿಯು ಇತಿಹಾಸವಲ್ಲ, ನಾಯಕನು ಪ್ರಿಯನಾಗದಿದ್ದರೆ ಆ ಭಯಂಕರ ನಗರದೊಳಕ್ಕೆ ಓದುಗನು ಕಾಲಿಡುವುದೇ ಇಲ್ಲ ಎಂದು ವಾದಿಸಬಹುದು. ಇದು ಸರಿಯಾದ ಮಾತೇ. ಗುಂಥರನ ಕೈಹಿಡಿದು ಬರ್ಲಿನ್ನಿನ ಬೀದಿಗಳನ್ನು ಕಂಡ ವಿದ್ಯಾರ್ಥಿಗೆ 1936ರ ಶಾಸನಗಳ ಅರ್ಥವು ಬೇಗನೆ ಹೊಳೆಯುತ್ತದೆ. ಆ ಉಪಕಾರವನ್ನು ಮರೆಯಲಾಗದು. ಅಪಾಯವಿರುವುದು ಬೇರೆಡೆಯಲ್ಲಿ. ಹನ್ನೆರಡು ಮಂದಿಯಲ್ಲಿ ಒಬ್ಬನ ಕಥೆಯನ್ನು ಓದಿ ಮುಗಿಸಿದವನು, ಆ ಪಡೆಯಲ್ಲಿ ತಾನಿದ್ದಿದ್ದರೆ ತಾನೂ ಹನ್ನೆರಡರಲ್ಲೊಬ್ಬನಾಗುತ್ತಿದ್ದೆನೆಂದು ನಂಬಿಬಿಡುತ್ತಾನೆ. ಉಳಿದ ನೂರಾರು ಜನರು ಅವನ ಕಣ್ಣಿಗೆ ಬೀಳುವುದಿಲ್ಲ.

ಆದುದರಿಂದ ಈ ಗ್ರಂಥವನ್ನು ತರಗತಿಗೆ ತರುವ ಅಧ್ಯಾಪಕರು ‘ಇದರಲ್ಲಿರುವುದು ನಿಜವೆ?’ ಎಂಬ ಪ್ರಶ್ನೆಗೆ ಉತ್ತರಿಸಿ ನಿಲ್ಲಬಾರದು. ಬೀದಿಯ ಹೆಸರೂ ಅಧಿಕಾರಿಯ ಪದವಿಯೂ ಬಹುಮಟ್ಟಿಗೆ ಸರಿಯಾಗಿಯೇ ಇವೆ. ‘ಗುಂಥರನ ಜೊತೆಯಲ್ಲಿ ಕ್ರಿಪೊದಲ್ಲಿದ್ದ ಉಳಿದವರು ಏನು ಮಾಡಿದರು?’ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಅದಕ್ಕೆ ಉತ್ತರವು ಕಾದಂಬರಿಯಲ್ಲಿಲ್ಲ. ಅದನ್ನು ಅರಸಿ ಅವರು ಇತಿಹಾಸಗ್ರಂಥಗಳ ಬಳಿಗೆ ಬರಬೇಕಾಗುತ್ತದೆ.