ಹಿಂಡು ತಿರುಗುವ ಗಳಿಗೆ: ಅಕ್ವೇರಿಯಂ ರಸಿಕರಿಗೊಂದು ಕೈಪಿಡಿ

ಕಳೆದ ಡಿಸೆಂಬರಿನಲ್ಲಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಜಗಲಿಯಲ್ಲಿ ಐದಡಿಯ ಅಕ್ವೇರಿಯಂ. ಒಳಗೆ ಬಣ್ಣ ಬಳಿದ ನೀಲಿ ಕಲ್ಲು, ಗುಳ್ಳೆ ಬಿಡುವ ಪ್ಲಾಸ್ಟಿಕ್ ಪೆಟ್ಟಿಗೆ, ಮೂಲೆಗೆ ಮುಖ ಮಾಡಿ ನಿಂತ ಒಂಟಿ ಫ್ಲವರ್‌ಹಾರ್ನ್. ಬಂದವರು ಗಾಜು ತಟ್ಟಿದರು, ಫೋಟೊ ತೆಗೆದರು, ಕಾಫಿ ಕುಡಿಯಲು ಹೋದರು. ಅದೇ ಜಗಲಿಯಿಂದ ಮುನ್ನೂರು ಹೆಜ್ಜೆ ಇಳಿದರೆ ಹೇಮಾವತಿಗೆ ಸೇರುವ ಹಳ್ಳ. ಅಲ್ಲಿ ಆ ಹೊತ್ತಿಗೆ ಬಾರ್ಬ್ ಮೀನುಗಳ ಹಿಂಡೊಂದು ಎಳೆಬಿಸಿಲಿಗೆ ಮೈಯೊಡ್ಡಿ ಹೊರಳುತ್ತಿತ್ತು. ಇಳಿದು ನೋಡಿದವರು ಒಬ್ಬರೂ ಇಲ್ಲ. ಆ ಸಂಕಟ ಇನ್ನೂ ಆರಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಿಲ್ಟರ್ ಜೋಡಿಸುವುದು, ಲೈಟ್ ಕಟ್ಟುವುದು ಇತ್ಯಾದಿಗಳನ್ನು ಅಂಗಡಿಯವರೇ ಹೇಳಿಕೊಡುತ್ತಾರೆ. ಅವರು ಹೇಳಿಕೊಡದ ಸಂಗತಿ ನೋಡುವುದು. ಸಂಗೀತ ಕಛೇರಿಗೆ ಹೋಗುವವರು ಕೇಳಲು ಕಲಿಯುತ್ತಾರೆ, ಯಕ್ಷಗಾನಕ್ಕೆ ಹೋಗುವವರು ಹೆಜ್ಜೆ ಗುರುತಿಸಲು ಕಲಿಯುತ್ತಾರೆ. ಅಕ್ವೇರಿಯಂ ಮುಂದೆ ಕೂರುವವರು ಮಾತ್ರ ಏನನ್ನೂ ಕಲಿಯಬೇಕಿಲ್ಲ ಎಂದುಕೊಂಡಿದ್ದಾರೆ. ಕೆಂಪೊಂದು, ಹಳದಿಯೊಂದು, ವಾಸ್ತುವಿಗೆ ಅರೋವಾನ ಒಂದು, ಗಾಜು ನೆಕ್ಕಲು ಸಕ್ಕರ್ ಒಂದು. ಹತ್ತು ಜಾತಿಯ ಹತ್ತು ಮೀನು ತಂದು ಬಿಟ್ಟರೆ ಅದು ಬಸ್‌ಸ್ಟ್ಯಾಂಡ್. ಯಾರಿಗೂ ಯಾರ ಪರಿಚಯವೂ ಇಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು: ಮೀನನ್ನು ನೋಡಬೇಡಿ, ಹಿಂಡನ್ನು ನೋಡಿ.

ನನಗೆ ಇದು ತಿಳಿದದ್ದು ಹತ್ತನೆಯ ವಯಸ್ಸಿನಲ್ಲಿ, ಕಳಸದ ಹತ್ತಿರ, ಭದ್ರೆಗೆ ಸೇರುವ ಒಂದು ಹಳ್ಳದ ಸಂಕದ ಮೇಲೆ. ಅಲ್ಲಿಯವರೆಗೆ ಮೀನೆಂದರೆ ನನಗೆ ಮಳೆಗಾಲದ ಹತ್ತುಮೀನು, ಅದನ್ನು ಹಿಡಿಯುವ ಕೂಣಿ, ಸಾರು, ಅಷ್ಟೇ. ಅವತ್ತು ಚಿಕ್ಕಪ್ಪ ನನ್ನ ಹೆಗಲು ಹಿಡಿದು ಸಂಕದ ಮೇಲೆ ಬೋರಲು ಮಲಗಿಸಿದರು. "ನೀರಿನ ಮೇಲೆ ನೋಡ್ಬೇಡ ಮಾರಾಯ, ಒಳಗೆ ನೋಡು" ಅಂದರು. ಮೊದಲು ಕಂಡದ್ದು ಬರೀ ಕಲ್ಲು. ಸ್ವಲ್ಪ ಹೊತ್ತಿಗೆ ಕಲ್ಲಿನ ಬಣ್ಣದ್ದೇ ಏನೋ ಅಲುಗಿತು. ಐವತ್ತೋ ಅರವತ್ತೋ ಮೀನು, ಹರಿವಿಗೆ ಎದುರಾಗಿ, ಎಲ್ಲದರ ಮೂತಿಯೂ ಒಂದೇ ದಿಕ್ಕಿಗೆ. ಮೇಲೆ ಮಿಂಚುಳ್ಳಿಯ ನೆರಳು ಹಾಯ್ದದ್ದೇ ತಡ, ಹಿಂಡು ಪೂರ್ತಿ ಒಮ್ಮೆಲೇ ತಿರುಗಿತು. ಅಷ್ಟೂ ಪಕ್ಕೆಗಳು ಒಟ್ಟಿಗೆ ಬೆಳಗಿದವು, ಮರುಕ್ಷಣ ಆರಿದವು. ಆ ಗಳಿಗೆಗಾಗಿ ನಾನು ಮೂವತ್ತು ವರ್ಷಗಳಿಂದ ತೊಟ್ಟಿ ಕಟ್ಟುತ್ತಿದ್ದೇನೆ.

ಹಿಂಡು ಹೀಗೆ ತಿರುಗಲು ನಾಯಕ ಬೇಕಿಲ್ಲ. ಪ್ರತಿ ಮೀನಿನ ಪಕ್ಕೆಯುದ್ದಕ್ಕೂ ಪಾರ್ಶ್ವರೇಖೆ ಎಂಬ ಅಂಗವಿದೆ. ಪಕ್ಕದ ಮೀನು ಬಾಲ ಬೀಸಿದರೆ ನೀರಿನಲ್ಲೇಳುವ ಸಣ್ಣ ಒತ್ತಡವನ್ನು ಅದು ಹಿಡಿಯುತ್ತದೆ. ಕಣ್ಣು ಅರ್ಧ ಕೆಲಸ ಮಾಡಿದರೆ ಇದು ಉಳಿದರ್ಧ ಮಾಡುತ್ತದೆ. ಸಂಖ್ಯೆ ಹೆಚ್ಚಿದ್ದಷ್ಟೂ ಬೇಟೆಗೆ ಬಂದ ಪ್ರಾಣಿಗೆ ಒಂದರ ಮೇಲೆ ಗುರಿಯಿಡುವುದು ಕಷ್ಟ. ಆದ್ದರಿಂದ ಹಿಂಡಿನಲ್ಲಿರುವ ಮೀನಿಗೆ ಧೈರ್ಯ, ಧೈರ್ಯವಿದ್ದಾಗಲೇ ಬಣ್ಣ. ನಾಲ್ಕೇ ನಾಲ್ಕು ಬಾರ್ಬ್ ತಂದು ಬಿಡಿ, ಗಿಡದ ಮರೆಯಲ್ಲಿ ಬಿಳಿಚಿಕೊಂಡು ನಿಲ್ಲುತ್ತವೆ, ಇಲ್ಲವೇ ಒಂದನ್ನೊಂದು ಅಟ್ಟಿ ರೆಕ್ಕೆ ಹರಿಯುತ್ತವೆ. ಅದೇ ಜಾತಿಯ ಹನ್ನೆರಡು ಬಿಡಿ, ಹದಿನೈದು ದಿನದಲ್ಲಿ ಬೇರೆಯೇ ಮೀನು. "ಈ ಮೀನಿಗೆ ಬಣ್ಣವೇ ಇಲ್ಲ" ಎಂದು ದೂರುವವರು ತಂದದ್ದು ಎಷ್ಟು ಎಂದು ಮೊದಲು ಕೇಳಿ.

ಹಿಂಡಿಗೆ ಎರಡು ಬೇಕು: ಬಯಲು ಮತ್ತು ಹರಿವು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದರೆ ಸುಮಾರು 560 ಲೀಟರ್ ನೀರು. ನೀರಿನ ತೂಕವೇ ಅರ್ಧ ಟನ್ ದಾಟುತ್ತದೆ, ಹಳೇ ಮನೆಯ ಹಲಗೆಯ ಉಪ್ಪರಿಗೆಯಲ್ಲಿ ಇಡಬೇಡಿ. ಕಲ್ಲು, ಗಿಡ ಎಲ್ಲವೂ ಹಿಂದಕ್ಕೆ ಮತ್ತು ಒಂದು ಪಕ್ಕಕ್ಕೆ ಸರಿಯಲಿ. ಮುಂದಿನ ಮೂರನೇ ಎರಡು ಭಾಗ ಖಾಲಿ. ಆ ಖಾಲಿಯೇ ರಂಗಸ್ಥಳ. ಪಂಪಿನ ಬಾಯಿ ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದಕ್ಕೆ ನೀರು ತಳ್ಳಲಿ. ಹರಿವಿದ್ದರೆ ಮೀನಿಗೆ ದಿಕ್ಕು ತಿಳಿಯುತ್ತದೆ, ಎಲ್ಲವೂ ಒಂದೇ ಕಡೆ ಮೂತಿ ಮಾಡುತ್ತವೆ. ನಿಂತ ನೀರಿನಲ್ಲಿ ಹಿಂಡು ಚದುರಿ ಹೋಗುತ್ತದೆ.

ಮೀನು ಯಾವುದು? ಅಮೆಜಾನಿನ ಟೆಟ್ರಾಗಳೂ ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ತುಂಗೆ, ಭದ್ರೆ, ಹೇಮಾವತಿ ಹುಟ್ಟುವ ಈ ಬೆಟ್ಟಗಳಲ್ಲಿ ಕೂತು ಸಹ್ಯಾದ್ರಿಯ ಮೀನನ್ನು ಕಣ್ಣೆತ್ತಿ ನೋಡದವರ ರಸಿಕತೆಯನ್ನು ನಾನು ನಂಬುವುದಿಲ್ಲ. ನನ್ನ ತೊಟ್ಟಿಯಲ್ಲಿ ಮೂರೇ ಜಾತಿ. ಮೇಲ್ನೀರಿಗೆ ಡೆವಾರಿಯೊ ಹದಿನೈದು. ಇದು ಹಾರುವ ಮೀನು, ಮುಚ್ಚಳ ಕಡ್ಡಾಯ. ನಡುನೀರಿಗೆ ಫಿಲಮೆಂಟ್ ಬಾರ್ಬ್ ಹತ್ತು. ತಳಕ್ಕೆ ಜೀಬ್ರಾ ಲೋಚ್ ಎಂಟು.

ಫಿಲಮೆಂಟ್ ಬಾರ್ಬ್ ತಾಳ್ಮೆ ಕಲಿಸುವ ಮೀನು. ಮರಿಯಾಗಿದ್ದಾಗ ಮೈಮೇಲೆ ಕಪ್ಪು ಪಟ್ಟೆಗಳು. ಬೆಳೆದಂತೆ ಅವು ಅಳಿಸಿ ಬಾಲದ ಬುಡದಲ್ಲೊಂದು ಕಪ್ಪು ಬೊಟ್ಟು ಉಳಿಯುತ್ತದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಬೆನ್ನಿನ ರೆಕ್ಕೆಯಿಂದ ಎಳೆಗಳು ಹೊರಟು ಹಿಂದಕ್ಕೆ ಬಾಗುತ್ತವೆ. ಎರಡು ಗಂಡುಗಳು ಅಕ್ಕಪಕ್ಕ ನಿಂತು ರೆಕ್ಕೆ ಬಿಚ್ಚಿ, ಮೈ ಬಿಗಿದು, ಒಂದೇ ವೇಗದಲ್ಲಿ ಸಾಗುವುದನ್ನು ನೋಡಬೇಕು. ಒಂದು ಜೂನ್ ಸಂಜೆ, ಮಳೆ ಕವಿದುಕೊಂಡು ಕರೆಂಟು ಬಂದು ಹೋಗಿ ಮಾಡುತ್ತಿದ್ದಾಗ, ನನ್ನ ತೊಟ್ಟಿಯ ಗಂಡುಗಳು ಒಂದು ಗಂಟೆ ಕಾಲ ಹೀಗೆ ಮೆರೆದವು. ಬೆಳಿಗ್ಗೆ ನೀರು ಬದಲಿಸಿದ್ದೆ, ಒರತೆಯ ತಣ್ಣನೆಯ ನೀರು. ಮುಂಗಾರು ಬಂತೆಂದು ಅವಕ್ಕೆ ಅನಿಸಿರಬೇಕು. ಅಂಥ ಸಂಜೆ ಆಮೇಲೆ ಎರಡೇ ಸಲ ಸಿಕ್ಕಿದೆ.

ಜೀಬ್ರಾ ಲೋಚ್ ನಮ್ಮದೇ ಮೀನು. ಬೋಟಿಯಾ ಸ್ಟ್ರಿಯಾಟಾ ಎಂಬ ಹೆಸರಿನಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಸಿ. ಆರ್. ನಾರಾಯಣರಾವ್, 1920ರಲ್ಲಿ, ಶಿವಮೊಗ್ಗ ಜಿಲ್ಲೆಯ ತುಂಗಾ ನದಿಯಿಂದ. ಇಂದು ಜಗತ್ತಿನ ಎಷ್ಟೋ ದೇಶಗಳ ಅಕ್ವೇರಿಯಂಗಳಲ್ಲಿ ಅದು ಈಜುತ್ತಿದೆ. ತುಂಗೆಯ ದಂಡೆಯವರಿಗೆ ಹೆಸರೂ ತಿಳಿದಿಲ್ಲ. ಮೈತುಂಬ ತೆಳು ಪಟ್ಟೆ, ಮೂತಿಯಲ್ಲಿ ಪುಟ್ಟ ಮೀಸೆ. ತಿನ್ನುವಾಗ ಕ್ಲಿಕ್ ಕ್ಲಿಕ್ ಸದ್ದು. ಕೋಣೆ ಮೌನವಾಗಿದ್ದರೆ ಗಾಜಿನಾಚೆಗೂ ಕೇಳುತ್ತದೆ. ಟಿವಿ ಹಾಕಿಕೊಂಡು ಅಕ್ವೇರಿಯಂ ನೋಡುವವರಿಗೆ ಈ ಸದ್ದು ಜನ್ಮದಲ್ಲಿ ಸಿಗುವುದಿಲ್ಲ.

ಜಾಗ ಮೂರೇ ಅಡಿ ಇದೆಯೆನ್ನುವವರು ಹಲುದಾರಿಯಾ ಬಾರ್ಬ್ ಹನ್ನೆರಡು ಸಾಕಿ. ಕೆಂಪಿನ ಮೇಲೆ ಕಪ್ಪು ಪಟ್ಟೆಯ ಪುಟ್ಟ ಮೀನು. ಅದರ ಹೆಸರಿಗೊಂದು ಕತೆಯಿದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕನನ್ ಆಮೇಲೆ ಗಂಗಾನದಿಯ ಮೀನುಗಳ ಮೇಲೊಂದು ಗ್ರಂಥ ಬರೆದ. ಅದು 1822ರಲ್ಲಿ ಅಚ್ಚಾಯಿತು. ಅವನಿಗೆ ಮೀನುಗಳ ಚಿತ್ರ ಬರೆದುಕೊಟ್ಟ ಬಂಗಾಳಿ ಹುಡುಗ ಹಲುದಾರ್. ಸುಮಾರು ಇನ್ನೂರು ವರ್ಷದ ನಂತರ ದಕ್ಷಿಣದ ಈ ಮೀನಿಗೆ ಅವನ ಹೆಸರಿಟ್ಟಿದ್ದಾರೆ. ಗಮನವಿಟ್ಟು ನೋಡಿದವನಿಗೆ ಸಂದ ಮರ್ಯಾದೆ ಅದು.

ನೀರಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ತೊಟ್ಟಿ ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಹಿಂಡು ಬಿಡಬೇಡಿ. ಫಿಲ್ಟರ್ ಓಡುತ್ತಿರಲಿ, ದಿನಕ್ಕೆ ಚಿಟಿಕೆ ಆಹಾರ ಉದುರಿಸಿ. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅಲ್ಲಿ ನೆಲೆಯಾಗಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಮ್ಮ ಚಳಿಗೆ ಡಿಸೆಂಬರ್, ಜನವರಿಯಲ್ಲಿ ಮಾತ್ರ ಹೀಟರ್, 22 ಡಿಗ್ರಿಗೆ. ಕರೆಂಟು ಹೋಗುವ ಊರಾದ್ದರಿಂದ ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು. ತೋಟದವರಿಗೆ ಒಂದು ಎಚ್ಚರಿಕೆ: ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕದಡಿದ ಬಕೆಟ್ಟು, ಡ್ರಮ್ಮು ತೊಟ್ಟಿಯ ಹತ್ತಿರವೂ ಸುಳಿಯಬಾರದು. ತಾಮ್ರ ಮೀನಿಗೆ ವಿಷ. ನನ್ನ ಮೊದಲ ದೊಡ್ಡ ತೊಟ್ಟಿ ಹಾಳಾದದ್ದು ಹಾಗೆಯೇ. ತೊಳೆದಿಟ್ಟ ಡ್ರಮ್ಮೆಂದು ನಂಬಿ ನೀರು ಹೊತ್ತು ಹಾಕಿದೆ, ಬೆಳಗಾಗುವಷ್ಟರಲ್ಲಿ ಲೋಚ್‌ಗಳು ತಳದಲ್ಲಿ ಸಾಲಾಗಿ ಸತ್ತು ಬಿದ್ದಿದ್ದವು. ಇವತ್ತಿಗೂ ಆ ಬೆಳಗು ನೆನೆದರೆ ಹೊಟ್ಟೆ ಕಿವುಚುತ್ತದೆ.

ಇನ್ನು, ಹಳ್ಳಕ್ಕೆ ಬಲೆ ಹಿಡಿದು ಹೋಗಬೇಡಿ. ಜೀಬ್ರಾ ಲೋಚ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯದೊಳಗೆ ಹಿಡಿಯುವುದಂತೂ ಅಪರಾಧ. ಸಾಕಣೆಯಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ಕೊಳ್ಳಿ, ಸಿಗದಿದ್ದರೆ ಕಾಯಿರಿ. ಬೇಸರವಾಯಿತೆಂದು ಸಕ್ಕರ್ ಮೀನನ್ನು ಕೆರೆಗೆ ಬಿಡುವವರನ್ನು ನಾನು ಕ್ಷಮಿಸಲಾರೆ. ಭಾರತದ ಹಲವು ಕೆರೆ, ನದಿಗಳಲ್ಲಿ ಅದು ಬೇರೂರಿ ಊರ ಮೀನಿನ ನೆಲೆ ಕೆಡಿಸಿದೆ.

ದೊಡ್ಡ ತೊಟ್ಟಿಗೆ ಹಣ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಶೃಂಗೇರಿಗೆ ಹೋಗಿ, ತುಂಗೆಯ ಮೆಟ್ಟಿಲಿಳಿದು ನಿಲ್ಲಿ. ಎಲ್ಲರೂ ಮಂಡಕ್ಕಿ ಎಸೆಯುವ ಕಡೆ ಬೇಡ. ಅಲ್ಲಿ ಮೀನು ಬಾಯಿ ತೆರೆದು ನೂಕಾಡುತ್ತವೆ, ಜನ ಅದನ್ನೇ ನೋಡಿ ನಕ್ಕು ಹೋಗುತ್ತಾರೆ. ಸ್ವಲ್ಪ ಪಕ್ಕಕ್ಕೆ ಸರಿದು, ಬರಿಗೈಯಲ್ಲಿ ಕೂತುಕೊಳ್ಳಿ. ಕಪ್ಪು ಬೆನ್ನುಗಳು ಹರಿವಿಗೆ ಎದುರಾಗಿ, ಬಾಲವನ್ನು ಮಾತ್ರ ಆಡಿಸುತ್ತ, ನಿಂತಲ್ಲೇ ನಿಂತಿರುವುದು ಮೆಲ್ಲಗೆ ಕಾಣತೊಡಗುತ್ತದೆ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಅರ್ಧ ಗಂಟೆಯಾದರೂ ಎದ್ದು ಹೋಗಬೇಕು ಅನಿಸದಿದ್ದರೆ ಮನೆಗೆ ಬಂದು ಗೋಡೆ ಅಳೆಯಿರಿ. ಅನಿಸಿದರೆ ಆ ದುಡ್ಡನ್ನು ಬೇರೆಯದಕ್ಕೆ ಖರ್ಚು ಮಾಡಿ, ಮೀನಿನ ಪಾಡಿಗೆ ಮೀನನ್ನು ಬಿಡಿ.