ಹೆಬ್ಬಾಗಿಲು, ಉಕ್ಕಡ, ದುಭಾಷಿ: ಮಿಂಚಂಚೆಯ ಗೇಟ್‌ವೇ ಕುರಿತು ಒಂದು ವಿಮರ್ಶೆ

ಪರಸ್ಪರ ಭಿನ್ನವಾದ ಎರಡು ಗಣಕವ್ಯವಸ್ಥೆಗಳ ನಡುವೆ ನಿಂತು, ಒಂದರ ಪತ್ರವನ್ನು ಮತ್ತೊಂದಕ್ಕೆ ಮುಟ್ಟಿಸುವ ಸಾಧನಕ್ಕೆ ಗೇಟ್‌ವೇ ಎಂದು ಹೆಸರು. ಇದನ್ನು ಕನ್ನಡದಲ್ಲಿ ಹೆಬ್ಬಾಗಿಲು ಎನ್ನುವುದು ಸುಲಭ. ಆದರೆ ಸುಲಭವಾದ ಅನುವಾದವೆಲ್ಲ ಸಮರ್ಪಕವಾದ ಅನುವಾದವಲ್ಲ. ಬಾಗಿಲನ್ನು ದಾಟಿ ಬಂದವನು ಹೊರಗೆ ಹೇಗಿದ್ದನೋ ಒಳಗೂ ಹಾಗೆಯೇ ಇರುತ್ತಾನೆ. ಗೇಟ್‌ವೇಯನ್ನು ದಾಟಿದ ಪತ್ರ ಹಾಗಿರುವುದಿಲ್ಲ. ಈ ಒಂದು ವ್ಯತ್ಯಾಸದ ಸ್ವರೂಪವನ್ನು ವಿಚಾರಿಸಿ, ಕೊಡಗಿನ ಎರಡು ಉದಾಹರಣೆಗಳ ಮೇಲೆ ಅದನ್ನು ಒರೆಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಭಾಷೆಯ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏತಕ್ಕೆ ಎಂಬ ಪ್ರಶ್ನೆಗೆ ಲೇಖನದ ಉತ್ತರಾರ್ಧವೇ ಸಮಾಧಾನ ಹೇಳಬಹುದು.

ಮೊದಲು ಸಂಗತಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. 1981ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾನಿಲಯಗಳ ನಡುವೆ ಆರಂಭವಾದ ಬಿಟ್‌ನೆಟ್ ಜಾಲವು ಬಹುಮಟ್ಟಿಗೆ ಐಬಿಎಂ ಮೇನ್‌ಫ್ರೇಮ್‌ಗಳನ್ನು ಆಶ್ರಯಿಸಿತ್ತು. ಅದೇ ಕಾಲದಲ್ಲಿ ಬೆಳೆಯುತ್ತಿದ್ದ ಇಂಟರ್‌ನೆಟ್ಟಿನ ಪತ್ರಗಳ ರೂಪವನ್ನು 1982ರ ಆರ್‌ಎಫ್‌ಸಿ 822 ಎಂಬ ದಾಖಲೆ ಗೊತ್ತುಮಾಡಿತು. ಭಾರತದಲ್ಲಿ 1986ರಲ್ಲಿ ಪ್ರಾರಂಭವಾದ ಎರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಇನ್ನೊಂದು ಕಡೆ, ಸರ್ಕಾರದ ನಿಕ್‌ನೆಟ್ ಜಾಲವು ಉಪಗ್ರಹದ ನೆರವಿನಿಂದ ಜಿಲ್ಲಾಕೇಂದ್ರಗಳನ್ನು ರಾಜ್ಯದ ಮತ್ತು ದೆಹಲಿಯ ಕೇಂದ್ರಗಳೊಡನೆ ಜೋಡಿಸಿತು. ಹೀಗೆ ಜಾಲಗಳು ಹಲವಾದವು, ಅವುಗಳ ನಡೆನುಡಿಗಳೂ ಹಲವಾದವು. ಅವುಗಳ ನಡುವೆ ಗೇಟ್‌ವೇ ಅನಿವಾರ್ಯವಾಯಿತು.

ಈ ಭಿನ್ನತೆ ಮೇಲುಮೇಲಿನದಲ್ಲ, ಅಕ್ಷರದ ಬುಡದಲ್ಲಿಯೇ ಇರುವಂಥದು. ಜಾಲದ ಗಣಕಗಳು ಸಾಮಾನ್ಯವಾಗಿ ಬಳಸುತ್ತಿದ್ದ ಆಸ್ಕಿ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಖ್ಯೆ 65. ಮೇನ್‌ಫ್ರೇಮಿನ ಎಬ್ಸಿಡಿಕ್ ಸಂಕೇತದಲ್ಲಿ ಅದೇ ಅಕ್ಷರದ ಸಂಖ್ಯೆ 193. ಆಸ್ಕಿಯಲ್ಲಿ ಅಕ್ಷರಗಳು ಒಂದರ ಬೆನ್ನಿಗೆ ಒಂದು ಕುಳಿತಿವೆ. ಎಬ್ಸಿಡಿಕ್‌ನಲ್ಲಿ 'ಐ' 201ರಲ್ಲಿದ್ದರೆ 'ಜೆ' 209ರಲ್ಲಿದೆ. ಅಕ್ಷರಗಳ ಮಾತು ಹಾಗಿರಲಿ, ವಿಳಾಸದ ನಡುವಣ @ ಚಿಹ್ನೆಗೂ ಎಲ್ಲ ದೇಶಗಳ ಎಬ್ಸಿಡಿಕ್‌ನಲ್ಲಿ ಒಂದೇ ಸ್ಥಾನವಿಲ್ಲ. ಇದರ ಜೊತೆಗೆ, ಮೇನ್‌ಫ್ರೇಮಿನ ಪತ್ರವ್ಯವಹಾರದಲ್ಲಿ ರಂಧ್ರಕಾರ್ಡಿನ 80 ಅಂಕಣಗಳ ನೆನಪು ಬಹುಕಾಲ ಉಳಿದಿತ್ತು. ಅದಕ್ಕಿಂತ ಉದ್ದವಾದ ಸಾಲು ಮುರಿಯಬೇಕು, ಇಲ್ಲವೆ ಕತ್ತರಿಸಿಹೋಗಬೇಕು. ಬಳಕೆದಾರನ ಹೆಸರಿಗೆ ಎಂಟು ಅಕ್ಷರಗಳ ಮಿತಿ.

ಇಂಥ ಗೇಟ್‌ವೇಯನ್ನು ಸ್ಥಾಪಿಸುವವನು ಮಾಡಬೇಕಾದ ಕೆಲಸಗಳು ನಾಲ್ಕು: ಅಕ್ಷರಗಳ ಪರಿವರ್ತನಾಪಟ್ಟಿಯನ್ನು ಸಿದ್ಧಪಡಿಸುವುದು, ಎರಡು ಕಡೆಯ ವಿಳಾಸಗಳಿಗೆ ಹೊಂದಾಣಿಕೆ ಕಲ್ಪಿಸುವುದು, ಆಚೆಯ ಯಂತ್ರ ನಿಂತಿದ್ದಾಗ ಪತ್ರಗಳು ಕಾದಿರಲು ಸರದಿಯನ್ನು ಏರ್ಪಡಿಸುವುದು, ತಲುಪದ ಪತ್ರವನ್ನು ಕಾರಣಸಹಿತವಾಗಿ ಹಿಂದಿರುಗಿಸುವುದು. ಹಿಂದಿರುಗಿದ ಪತ್ರಕ್ಕೆ ಮತ್ತೆ ಉತ್ತರ ಹೋಗಿ, ಆ ಉತ್ತರವೂ ಹಿಂದಿರುಗಿ, ಯಂತ್ರಗಳೆರಡೂ ಕೊನೆಯಿಲ್ಲದೆ ಜಗಳವಾಡದಿರಲೆಂದು ಇಂಥ ಸೂಚನಾಪತ್ರಗಳಿಗೆ ಕಳುಹಿಸಿದವನ ವಿಳಾಸವನ್ನು ಖಾಲಿ ಬಿಡುವ ಕಟ್ಟಳೆಯಿದೆ. ಸ್ಥಾಪನೆಯ ಕೈಪಿಡಿಗಳು ಸಾಮಾನ್ಯವಾಗಿ ಈ ನಾಲ್ಕನ್ನೂ ಸಮಾನವಾಗಿ ಎಣಿಸಿ, 'ಇನ್ನು ಪ್ರಾರಂಭಿಸಿರಿ' ಎಂದು ಮುಗಿಯುತ್ತವೆ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಕೊನೆಯ ಎರಡು ಕೆಲಸಗಳು ಯಂತ್ರದವು. ಮೊದಲ ಎರಡು ಭಾಷೆಯವು. ಸರದಿಯಲ್ಲಿ ದೋಷವಿದ್ದರೆ ಪತ್ರ ತಡವಾಗುತ್ತದೆ, ತಡವಾದದ್ದು ಗೊತ್ತಾಗುತ್ತದೆ. ಪಟ್ಟಿಯಲ್ಲಿ ದೋಷವಿದ್ದರೆ ಪತ್ರ ಸಕಾಲದಲ್ಲಿಯೇ ತಲುಪುತ್ತದೆ, ಆದರೆ ಬೇರೆಯೇ ಪತ್ರವಾಗಿ. ಅದು ಯಾರಿಗೂ ಗೊತ್ತಾಗದೆ ಹೋಗಬಹುದು.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳೋಣ. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. 'ಪಟ್ಟೋಲೆ ಪಳಮೆ'ಯ ಸಂಗ್ರಾಹಕರಾದ ನಡಿಕೇರಿಯಂಡ ಚಿಣ್ಣಪ್ಪನವರ ಒಕ್ಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 12 ಅಕ್ಷರಗಳಾಗುತ್ತವೆ. ಎಂಟರ ಮಿತಿಗೆ ಇದನ್ನು ಕತ್ತರಿಸಿದರೆ 'ನಡಿಕೇರಿ' ಎಂದಷ್ಟೇ ಉಳಿದು, ಒಕ್ಕದ ಹೆಸರೆಂಬ ಗುರುತನ್ನು ಕೊಡುವ 'ಅಂಡ' ಎಂಬ ಭಾಗವೇ ಬಿದ್ದುಹೋಗುತ್ತದೆ. ಹಾನಿ ಅಲ್ಲಿಗೆ ಮುಗಿಯುವುದಿಲ್ಲ. ವ್ಯಕ್ತಿಯ ಹೆಸರು ಕತ್ತರಿಯ ಆಚೆ ಉಳಿಯುವುದರಿಂದ, ಆ ಒಕ್ಕದ ಅಣ್ಣ, ತಮ್ಮ, ಚಿಕ್ಕಪ್ಪ ಎಲ್ಲರೂ ಯಂತ್ರದ ದೃಷ್ಟಿಯಲ್ಲಿ ಒಬ್ಬನೇ ಮನುಷ್ಯನಾಗುತ್ತಾರೆ! ಮೊದಲು ನೋಂದಾಯಿಸಿಕೊಂಡವನಿಗೆ ಮಿಕ್ಕವರ ಪತ್ರಗಳೂ ಸೇರಬೇಕಾಗುತ್ತದೆ. ವ್ಯಕ್ತಿಯ ಹೆಸರು ಮೊದಲು ಬರುವ ಸಮಾಜದಲ್ಲಿ ಇದೇ ಕತ್ತರಿ ಇಷ್ಟು ಹಾನಿಮಾಡುವುದಿಲ್ಲ. ಆದುದರಿಂದ ಎಂಟು ಅಕ್ಷರಗಳ ಮಿತಿ ಎಲ್ಲರಿಗೂ ಸಮಾನವಾದ ನಿಯಮವೆಂದು ತೋರಿದರೂ ವಸ್ತುತಃ ಸಮಾನವಲ್ಲ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಪೂರ್ಣ ನಾಮವನ್ನೂ ಮೇನ್‌ಫ್ರೇಮಿನ ಗಿಡ್ಡ ಹೆಸರನ್ನೂ ಜೋಡಿಸುವ ಪಟ್ಟಿಯನ್ನು ಗೇಟ್‌ವೇಯಲ್ಲಿ ಇಡಬಹುದು. ಆದರೆ ಆ ಪಟ್ಟಿಯನ್ನು ಬರೆಯುವವನಿಗೆ ಯಂತ್ರದಷ್ಟೇ ಊರೂ ತಿಳಿದಿರಬೇಕು.

ಈಗ ಪದದ ವಿಚಾರಕ್ಕೆ ಮರಳಬಹುದು. ಅರಸರ ಕಾಲದಲ್ಲಿ ಕೊಡಗಿನ ಗಡಿದಾರಿಗಳಲ್ಲಿ ಉಕ್ಕಡಗಳೆಂಬ ಕಾವಲುಕಟ್ಟೆಗಳಿದ್ದವು; ಬರುವವರನ್ನೂ ಹೋಗುವವರನ್ನೂ ಅಲ್ಲಿ ವಿಚಾರಿಸಿ ಬಿಡುತ್ತಿದ್ದರು. ಹೆಬ್ಬಾಗಿಲಿಗಿಂತ ಉಕ್ಕಡವೆಂಬ ಪದ ಗೇಟ್‌ವೇಗೆ ಹೆಚ್ಚು ಸಮೀಪ, ಏಕೆಂದರೆ ಅಲ್ಲಿ ತಡೆಯುವವನೊಬ್ಬನಿದ್ದಾನೆ, ಉತ್ತರ ಹೇಳಬೇಕಾದವನೂ ಅವನೇ. ಪತ್ರ ಸ್ವೀಕರಿಸುವ ಪ್ರತಿಯೊಂದು ಸ್ಥಾನದಲ್ಲಿಯೂ 'ಪೋಸ್ಟ್‌ಮಾಸ್ಟರ್' ಎಂಬ ವಿಳಾಸ ಇರಲೇಬೇಕೆಂದು 1982ರ ದಾಖಲೆ ವಿಧಿಸಿದ್ದು ಈ ಪಾರುಪತ್ಯಗಾರನನ್ನು ಉದ್ದೇಶಿಸಿಯೇ. ಆದರೂ ಉಕ್ಕಡದ ಉಪಮೆ ಪೂರ್ತಿ ಹೊಂದುವುದಿಲ್ಲ. ಉಕ್ಕಡದವನು ಮೂಟೆಯನ್ನು ಬಿಚ್ಚಿ ನೋಡಿಯಾನು, ಒಳಗಿನ ಭತ್ತವನ್ನು ರಾಗಿಯಾಗಿ ಮಾಡಲಾರನು. ಗೇಟ್‌ವೇಯಾದರೋ ಒಳಗಿನದನ್ನೇ ಮಾರ್ಪಡಿಸುತ್ತದೆ. ಅದು ದುಭಾಷಿಯ ಕೆಲಸ. ದುಭಾಷಿಯನ್ನು ಅಳೆಯುವ ಮಾನದಂಡದಿಂದಲೇ ಅದನ್ನು ಅಳೆಯಬೇಕು.

ಕೊಡಗಿಗೆ ಈ ಅನುಭವ ಹೊಸದಲ್ಲ. 1924ರಲ್ಲಿ ಪ್ರಕಟವಾದ 'ಪಟ್ಟೋಲೆ ಪಳಮೆ' ಕೊಡವ ಹಾಡುಗಳನ್ನು ಕನ್ನಡ ಲಿಪಿಗೆ ದಾಟಿಸಿತು. ಬಾಯಿಂದ ಬಾಯಿಗೆ ಸಾಗುತ್ತಿದ್ದ ಒಂದು ವ್ಯವಸ್ಥೆಯಿಂದ, ಮುದ್ರಣವೆಂಬ ಇನ್ನೊಂದು ವ್ಯವಸ್ಥೆಗೆ ಆದ ಈ ದಾಟುವಿಕೆ ಇಲ್ಲದಿದ್ದರೆ ನಮಗೆ ಇಂದು ಎಷ್ಟೋ ಹಾಡುಗಳು ದೊರೆಯುತ್ತಿರಲಿಲ್ಲ. ಆದರೆ ಕೊಡವ ಭಾಷೆಯಲ್ಲಿ ಸಾಮಾನ್ಯವಾದ ಐದು ಸ್ವರಗುಣಗಳ ಜೊತೆಗೆ ನಾಲಗೆಯ ನಡುಭಾಗದಲ್ಲಿ ಹುಟ್ಟುವ ಇನ್ನೆರಡು ಸ್ವರಗಳು ಹ್ರಸ್ವವಾಗಿಯೂ ದೀರ್ಘವಾಗಿಯೂ ಇವೆ; ಎಮನೋ ಅವರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವನ್ನು ವಿವೇಚಿಸಿದ್ದಾರೆ. ಇವಕ್ಕೆ ಕನ್ನಡ ವರ್ಣಮಾಲೆಯಲ್ಲಿ ಸ್ವಂತ ಅಕ್ಷರಗಳಿಲ್ಲ. ಭಾಷೆ ಬಲ್ಲ ಓದುಗನು ಅಕ್ಷರ ನೋಡಿ ಸ್ವರವನ್ನು ನೆನಪಿನಿಂದ ತುಂಬಿಕೊಳ್ಳುತ್ತಾನೆ. ಬಲ್ಲದವನು ಬೇರೆ ಸ್ವರವನ್ನು ನುಡಿಯುತ್ತಾನೆ. ಇದು ಸಂಗ್ರಾಹಕರ ದೋಷವಲ್ಲ, ಪಟ್ಟಿಯ ಮಿತಿ.

ಇಲ್ಲೊಂದು ಆಕ್ಷೇಪ ಬರಬಹುದು. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದೆ. 2012ರ ನಿಯಮದಂತೆ ವಿಳಾಸವನ್ನೇ ಇಂಗ್ಲಿಷೇತರ ಲಿಪಿಯಲ್ಲಿ ಬರೆಯಬಹುದು. ಬಿಟ್‌ನೆಟ್ ಕಾಲ ಮುಗಿಯಿತು. ಇನ್ನು ಈ ಚರ್ಚೆ ಏಕೆ? ಆಕ್ಷೇಪ ಅರ್ಧ ನಿಜ. ಯೂನಿಕೋಡ್ ಕನ್ನಡದ ಅಕ್ಷರಗಳನ್ನು ಅವಿಕಲವಾಗಿ ಮುಟ್ಟಿಸುತ್ತದೆ. ಆದರೆ ಕನ್ನಡದ ಅಕ್ಷರಕ್ಕೆ ಬರುವ ಮೊದಲೇ ಕಳೆದುಹೋದ ಕೊಡವ ಸ್ವರವನ್ನು ಅದು ತಂದುಕೊಡಲಾರದು. 2011ರ ಜನಗಣತಿಯಲ್ಲಿ ಈ ಭಾಷೆಯನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು 1,14,000 ಮಂದಿ. ನೆನಪಿನಿಂದ ತುಂಬಿಕೊಳ್ಳಬಲ್ಲ ಓದುಗರು ವಿರಳವಾದಷ್ಟೂ ಪಟ್ಟಿಯ ಮಿತಿ ಭಾಷೆಯ ಮಿತಿಯಾಗಿ ಪರಿಣಮಿಸುತ್ತದೆ.

ಗೇಟ್‌ವೇಯನ್ನು ಕಟ್ಟಿದವರಿಂದಲೇ ನಾವು ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಹಿಂದಿರುಗಿಸಿ ನೋಡುವುದು: ಪತ್ರವನ್ನು ಆಚೆಗೆ ಕಳುಹಿಸಿ, ಅಲ್ಲಿಂದ ಈಚೆಗೆ ತರಿಸಿ, ಮೂಲದೊಡನೆ ಅಕ್ಷರಶಃ ಹೋಲಿಸಿದ ಮೇಲೆಯೇ ವ್ಯವಸ್ಥೆಯನ್ನು ಪ್ರಾರಂಭಿಸಬೇಕು. ಬರೆದ ಹಾಡನ್ನು ಭಾಷೆ ಅರಿಯದವನಿಂದ ಓದಿಸಿ, ಅರಿತವರಿಗೆ ಕೇಳಿಸಿದರೆ ಲಿಪಿಗೂ ಇದೇ ಪರೀಕ್ಷೆ ನಡೆಯುತ್ತದೆ. ಎರಡನೆಯದು, ತಿಳಿಯದ್ದನ್ನು ತಿದ್ದದಿರುವುದು. 1992ರ ಮೈಮ್ ನಿಯಮದಲ್ಲಿ, ಆಸ್ಕಿಯ ಮತ್ತು ಎಬ್ಸಿಡಿಕ್‌ನ ಎಲ್ಲ ರೂಪಗಳಿಗೂ ಸಮಾನವಾದ 64 ಚಿಹ್ನೆಗಳನ್ನು ಆಯ್ದು, ಬೇಕಾದ ಸಾಮಗ್ರಿಯನ್ನು ಅವುಗಳಲ್ಲಿ ಕಟ್ಟಿ ಕಳುಹಿಸುವ ಕ್ರಮ ಬಂದಿತು. ನಡುವಣ ದುಭಾಷಿ ಅದನ್ನು ಅರ್ಥಮಾಡಿಕೊಳ್ಳಬೇಕಾಗಿಲ್ಲ. ಕೆಡಿಸದೆ ಒಪ್ಪಿಸಿದರೆ ಸಾಕು. ಜಾನಪದ ಸಂಗ್ರಹಕಾರನಿಗೆ ಧ್ವನಿಮುದ್ರಣ ಇಂಥ ಗಂಟು. ಲಿಪ್ಯಂತರದ ಪಕ್ಕದಲ್ಲಿ ಅದನ್ನೂ ಇಟ್ಟರೆ ನಮ್ಮ ಪಟ್ಟಿಯ ತಪ್ಪನ್ನು ಮುಂದಿನವರು ತಿದ್ದಬಲ್ಲರು. ಕಾಲೇಜುಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ವಿದ್ಯಾರ್ಥಿಗಳು ಇಷ್ಟನ್ನು ಪಾಲಿಸಿದರೂ ಮೂಲ ಕೈತಪ್ಪಿ ಹೋಗುವುದಿಲ್ಲ.