ಮೇಳದ ಹಗಲು

ಕರಾವಳಿಯ ಹಿರಿಯ ಯಕ್ಷಗಾನ ವೇಷಧಾರಿಗಳು ತಮ್ಮ ಅನುಭವವನ್ನು ವರ್ಷದಲ್ಲಿ ಹೇಳುವುದು ಕಡಿಮೆ. ಇಂಥ ಮೇಳದಲ್ಲಿ ಹತ್ತು ತಿರುಗಾಟ, ಅಲ್ಲಿಂದ ಬಿಟ್ಟು ಅಂಥ ಮೇಳದಲ್ಲಿ ಆರು ತಿರುಗಾಟ ಎಂದೇ ಅವರ ಲೆಕ್ಕ. ದೀಪಾವಳಿ ಕಳೆದು ದೇವರ ಎದುರು ಗೆಜ್ಜೆ ಕಟ್ಟಿದರೆ ತೆಂಕುತಿಟ್ಟಿನ ಮೇಳಗಳಲ್ಲಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ ಬಿಚ್ಚುವುದು. ಅಷ್ಟರವರೆಗೆ ದಿನಕ್ಕೊಂದು ಊರು, ರಾತ್ರಿಗೊಂದು ಪ್ರಸಂಗ. ಯಕ್ಷಗಾನದ ಬಗ್ಗೆ ನಮ್ಮಲ್ಲಿ ರಾಶಿ ಚರ್ಚೆಯಾಗಿದೆ, ಆದರೆ ಹೆಚ್ಚಿನದೆಲ್ಲ ವೇಷದ್ದು, ಪದ್ಯದ್ದು, ಮಾತಿನದ್ದು. ಮೇಳ ಎಂಬ ಈ ಸಂಚಾರಿ ಸಂಸಾರವನ್ನೇ ಆಟದ ರುಚಿಗೆ ಕಾರಣವೆಂದು ನೋಡುವವರು ಕಡಿಮೆ.

ಈಚೆಗೆ ಹೆಸರು ನೋಡಿ ಆಟಕ್ಕೆ ಹೋಗುವ ಕ್ರಮ ಬಂದಿದೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಒಂದು ಸಭಾಂಗಣ ಹಿಡಿದು, ಈ ಮೇಳದ ಭಾಗವತರು, ಆ ಮೇಳದ ಸ್ತ್ರೀವೇಷ, ಮತ್ತೊಂದರ ಹಾಸ್ಯ ಎಂದು ಹೆಕ್ಕಿ ತಂದು ಒಂದೇ ರಾತ್ರಿಯ ಕೂಟ ಕಟ್ಟುತ್ತಾರೆ. ಕರಪತ್ರ ನೋಡಲು ಭರ್ಜರಿ. ಅಲ್ಲಿ ಒಳ್ಳೆಯ ಪದ್ಯ ಸಿಗುತ್ತದೆ, ಒಳ್ಳೆಯ ಕುಣಿತ ಸಿಗುತ್ತದೆ. ಇಡೀ ಆಟ ಚೆನ್ನಾಗಿ ಕೂಡಿ ಬಂದದ್ದನ್ನು ನಾನು ಕಂಡದ್ದು ಅಪರೂಪ. ಪ್ರತಿಯೊಬ್ಬರೂ ತಮ್ಮ ಪಾಲಿನ ಚಪ್ಪಾಳೆ ಗಿಟ್ಟಿಸಿಕೊಂಡು ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಮರಳುತ್ತಾರೆ.

ಮೇಳದ ಆಟ ಬೇರೆ. ಅಲ್ಲಿ ರಿಹರ್ಸಲ್ ಎಂಬುದೇ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಪದ್ಯ ಭಾಗವತರದ್ದು, ಅರ್ಥ ವೇಷಧಾರಿ ಅಲ್ಲೇ ಹೇಳಬೇಕು. ಹೊಸ ಹುಡುಗನಾದರೆ ಬಣ್ಣ ಹಚ್ಚುತ್ತಲೇ ಪಕ್ಕದ ಹಿರಿಯರಿಂದ ಪ್ರಸಂಗದ ನಡೆ ಕೇಳಿಕೊಳ್ಳುತ್ತಾನೆ. ದೇವಿ ಮಹಾತ್ಮೆಯ ಒಂದು ರಾತ್ರಿಯನ್ನೇ ತೆಗೆದುಕೊಳ್ಳಿ. ಮಹಿಷಾಸುರ ಬಣ್ಣದ ವೇಷ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚುಟ್ಟಿ ಇಡಬೇಕು. ಒಂದರ ಪಕ್ಕ ಒಂದು, ಒಣಗಿದ ಮೇಲೆ ಅದರ ಮೇಲೊಂದು. ಗಂಟೆಗಟ್ಟಲೆ ಹಿಡಿಯುವ ಕೆಲಸ, ಗಡಿಬಿಡಿ ಮಾಡಿದರೆ ಕಳಚಿ ಬೀಳುತ್ತದೆ. ರಂಗಸ್ಥಳದಲ್ಲಿ ಮಾಲಿನಿಯ ಕಥೆ ಮುಗಿಯುತ್ತ ಬಂದಿರುತ್ತದೆ, ಚೌಕಿಯಲ್ಲಿ ಮಹಿಷನಿಗೆ ಇನ್ನೂ ಕಿರೀಟ ಕಟ್ಟಿರುವುದಿಲ್ಲ. ಸುದ್ದಿ ಭಾಗವತರಿಗೆ ಮುಟ್ಟುತ್ತದೆ. ಅವರು ಜಾಗಟೆಯ ಮೇಲೆ ಕೈಯಿಟ್ಟುಕೊಂಡೇ ಮಾಲಿನೀದೂತನ ಕಡೆ ಒಮ್ಮೆ ನೋಡುತ್ತಾರೆ. ಆ ಹಾಸ್ಯಗಾರ ಅಷ್ಟರಲ್ಲೇ ತಿಳಿದುಕೊಂಡು, ಊರಿನ ರಸ್ತೆಯ ಹೊಂಡದಿಂದ ಹಿಡಿದು ಹರಕೆ ಹೊತ್ತವರ ಮನೆಯ ಪಾಯಸದವರೆಗೆ ಮಾತು ಎಳೆಯುತ್ತಾನೆ. ಜನ ನಗುತ್ತಿರುವಾಗಲೇ ದೂರದಲ್ಲಿ ದೊಂದಿ ಕಾಣಿಸುತ್ತದೆ, ರಾಳ ಭಗ್ಗನೆ ಹೊತ್ತುತ್ತದೆ, ಚೆಂಡೆ ಏರುತ್ತದೆ. ನೋಡುವವರಿಗೆ ಇದೆಲ್ಲ ಮೊದಲೇ ಗೊತ್ತು ಮಾಡಿದಂತೆ ಕಾಣುತ್ತದೆ.

ಭಾಗವತರ ಆ ಒಂದು ನೋಟಕ್ಕೆ ಇಷ್ಟು ಅರ್ಥ ಬರಬೇಕಾದರೆ ಇಬ್ಬರೂ ಎಷ್ಟು ರಾತ್ರಿ ಒಟ್ಟಿಗೆ ಕಳೆದಿರಬೇಕು? ಎಷ್ಟು ಹಗಲು ಎಂದೂ ಕೇಳಬೇಕು. ಹಿಂದೆ ಮೇಳ ನಡೆದೇ ಹೋಗುತ್ತಿತ್ತು, ವೇಷಭೂಷಣದ ಪೆಟ್ಟಿಗೆಗಳು ಹೊರೆಯಾಳುಗಳ ತಲೆಯ ಮೇಲೆ. ಬೆಳಿಗ್ಗೆ ಬಣ್ಣ ತೆಗೆದು ಗದ್ದೆಯ ಅಂಚು ಹಿಡಿದು ಮುಂದಿನ ಊರು ಸೇರಿದರೆ, ಆಟ ಆಡಿಸುವವರ ಮನೆಯ ಚಾವಡಿಯಲ್ಲೋ ದೇವಸ್ಥಾನದ ಹೆಬ್ಬಾಗಿಲಲ್ಲೋ ಬಿಡಾರ. ಮಧ್ಯಾಹ್ನದವರೆಗೆ ನಿದ್ದೆ, ಊಟ. ಆಮೇಲೆ ಸಂಜೆ ಆಟ ಸಾರುವ ಕೇಳಿ ಬಾರಿಸುವವರೆಗಿನ ಹೊತ್ತಿದೆಯಲ್ಲ, ಮೇಳದ ಪಾಠಶಾಲೆ ಅದೇ. ಕೋಡಂಗಿಯಾಗಿ ಸೇರಿದ ಹುಡುಗ ಬಾಲಗೋಪಾಲನಾಗಿ, ನಿತ್ಯವೇಷ ದಾಟಿ ಮೇಲೇರುತ್ತಿದ್ದುದು ಆ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತಿನಿಂದ. ಹಿಂದಿನ ರಾತ್ರಿ ಯಾರ ಅರ್ಥ ಎಲ್ಲಿ ಜಾರಿತು, ಯಾವ ಪದ್ಯಕ್ಕೆ ಹೆಜ್ಜೆ ತಡವಾಯಿತು ಎಂಬುದೆಲ್ಲ ವೀಳ್ಯದ ಹರಿವಾಣದ ಸುತ್ತ ಬಿಸಿಬಿಸಿಯಾಗಿ ತೀರ್ಮಾನವಾಗುತ್ತಿತ್ತು.

ಈಗ ಮೇಳಕ್ಕೆ ಬಸ್ಸಿದೆ, ಸಾಮಾನಿಗೆ ಲಾರಿಯಿದೆ, ಹೆಚ್ಚಿನ ಕಲಾವಿದರಿಗೆ ಬೈಕೂ ಇದೆ. ಆಟ ಮುಗಿದರೆ ಮನೆಗೆ ಹೋಗಿ, ಮರುದಿನ ವೇಷದ ಹೊತ್ತಿಗೆ ಚೌಕಿಗೆ ಬಂದರೆ ಸಾಕು. ಬೇಡವೆನ್ನಲು ನಾನು ಯಾರು? ಆರು ತಿಂಗಳು ಹೆಂಡತಿ ಮಕ್ಕಳ ಮುಖ ಕಾಣದೆ ದುಡಿದವರ ಕಷ್ಟ ಪ್ರೇಕ್ಷಕನ ರುಚಿಗಿಂತ ದೊಡ್ಡದು. ಆದರೆ ನಷ್ಟ ಎಲ್ಲಿ ಆಯಿತೆಂಬುದನ್ನಾದರೂ ಸರಿಯಾಗಿ ಗುರುತಿಸೋಣ. ಇಡೀ ರಾತ್ರಿಯ ಬದಲು ಕಾಲಮಿತಿ ಬಂದು ಆಟ ಕೆಟ್ಟಿತು ಎಂದು ರಸಿಕರು ಗೊಣಗುತ್ತಾರೆ. ಧರ್ಮಸ್ಥಳ ಮೇಳ ಕಾಲಮಿತಿಗೆ ಬಂದಾಗಲೂ, 2022ರಲ್ಲಿ ಕಟೀಲು ಮೇಳ ಆ ದಾರಿ ಹಿಡಿದಾಗಲೂ ಇದೇ ಮಾತು. ನನ್ನ ಮಟ್ಟಿಗೆ ಐದು ಗಂಟೆಯ ಆಟ ಬಿಗಿಯಾಗಿದ್ದರೆ ತಕರಾರಿಲ್ಲ. ಹೋದದ್ದು ರಾತ್ರಿಯ ನಾಲ್ಕು ಗಂಟೆಗಿಂತ ಹೆಚ್ಚಾಗಿ ಬಿಡಾರದ ಹಗಲು. ಅದರ ಬದಲಿಗೆ ಏನು ಎಂದು ಮೇಳದ ಯಜಮಾನರೂ ಕೇಳುತ್ತಿಲ್ಲ, ವಿಮರ್ಶಕರೂ ಕೇಳುತ್ತಿಲ್ಲ.

ಹಾಗೆ ನಡೆದುಕೊಂಡು ಹೋಗುತ್ತಿದ್ದ ಕಾಲದ ಮೇಳಗಳು ಎಲ್ಲೆಲ್ಲಿ ಬೀಜ ಬಿತ್ತಿದವೆಂದರೆ ಅಚ್ಚರಿಯಾಗುತ್ತದೆ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಹೊನ್ನಾವರದ ಬಳಿಯ ಕರ್ಕಿಯ ಮೇಳ ಅದು ಎನ್ನುತ್ತಾರೆ. ಮೆಚ್ಚಿದ ದೊರೆ, ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ, ಪ್ರತಿ ನವೆಂಬರ್ 5ರಂದು ರಂಗಭೂಮಿ ದಿನ ಆಚರಿಸುತ್ತದೆ. ನಮ್ಮ ಕಡೆ ಆ ತಿರುಗಾಟದ ನೆನಪು ಅಷ್ಟಾಗಿ ಇಲ್ಲ.

ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಎರಡು ಮೂರು ವೇಷ, ಒಬ್ಬ ಭಾಗವತ, ಒಂದು ಮದ್ದಳೆ ಸೇರಿ ಮನೆಮನೆಗೆ ಬರುವ ಚಿಕ್ಕಮೇಳವನ್ನು ಅನೇಕರು ಹೊಟ್ಟೆಪಾಡೆಂದು ತಳ್ಳಿಬಿಡುತ್ತಾರೆ. ಚಾವಡಿಯಲ್ಲಿ ಕೈಯಳತೆಯ ದೂರದಲ್ಲಿ ಕೂತು ಹದಿನೈದು ನಿಮಿಷ ನೋಡಿ. ಮೈಕಿಲ್ಲದ ಕಂಠ, ಲೈಟಿಲ್ಲದ ಮುಖ. ದೊಡ್ಡ ರಂಗಸ್ಥಳದಲ್ಲಿ ಮುಚ್ಚಿಹೋಗುವ ಅಭಿನಯವೂ, ಮುಚ್ಚಿಡುವ ಹುಳುಕೂ ಅಲ್ಲಿ ಸ್ಪಷ್ಟ ಕಾಣುತ್ತದೆ.

ಹೊಸದಾಗಿ ಆಟದ ಗೀಳು ಹಿಡಿದವರಿಗೆ ಒಂದು ಮಾತು. ಕಲಾವಿದರ ಹಿಂದೆ ಹೋಗುವ ಬದಲು ಒಂದು ಮೇಳ ಹಿಡಿದು ತಿರುಗಾಟದ ಆರಂಭದಲ್ಲಿ ಒಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಮತ್ತೊಮ್ಮೆ ಅದನ್ನೇ ನೋಡಿ. ಶುರುವಿನ ವಾರಗಳಲ್ಲಿ ಹೊಸಬರು ಹಳಬರು ಇನ್ನೂ ಹೊಂದಿಕೊಂಡಿರುವುದಿಲ್ಲ. ನಡುಗಾಲಕ್ಕೆ ಆಟ ಹದಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ದಣಿವು ಕಾಣುತ್ತದೆ. ಸಾಧ್ಯವಾದರೆ ಚೌಕಿಪೂಜೆಯ ಹೊತ್ತಿಗೇ ಹೋಗಿ, ಬಾಲಗೋಪಾಲರನ್ನು ಖಂಡಿತ ತಪ್ಪಿಸಬೇಡಿ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಹೆಚ್ಚಿನ ಕಡೆ ಊಟವೂ ಇರುತ್ತದೆ.